ನಿದ್ದೆಯ ಲೇಖನ, ದಿಂಬಿನ ಜಾಹೀರಾತು

ಓದುಗರ ಪತ್ರ: ಸಂಪಾದಕರೇ, ಹಿಂದಿನ ಸಂಚಿಕೆಯಲ್ಲಿ ಆನ್‌ಲೈನ್ ಗೋಪ್ಯತೆ ಬಗ್ಗೆ ನೀವು ಬರೆದದ್ದು ಚೆನ್ನಾಗಿತ್ತು. ಆದರೆ ನಿಮ್ಮದೇ ವೆಬ್‌ಸೈಟಿನಲ್ಲಿ ನಿದ್ದೆ ಬಾರದವರ ಬಗೆಗಿನ ಲೇಖನ ಓದಿದ ಮಾರನೇ ದಿನದಿಂದ ಎಲ್ಲಿ ಹೋದರೂ ದಿಂಬು, ಹಾಸಿಗೆಗಳ ಜಾಹೀರಾತು. ನಾನು ಎಲ್ಲೂ ಹೆಸರು ಕೊಟ್ಟಿಲ್ಲ. ಬ್ರೌಸರಿನ ಇನ್‌ಕಾಗ್ನಿಟೊ (ಖಾಸಗಿ) ಕಿಟಕಿಯಲ್ಲಿ ಓದಿದ್ದರೆ ಹೀಗಾಗುತ್ತಿರಲಿಲ್ಲವೇ? ನಮ್ಮ ಯಜಮಾನರು, "ಹೆಸರೇ ಇಲ್ಲದ ಮೇಲೆ ಯಾರಿಗೇನು ಗೊತ್ತಾಗುತ್ತೆ, ಸುಮ್ನಿರು" ಅನ್ನುತ್ತಾರೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂದರೆ ಇದೇ ಅಲ್ವಾ?

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಪತ್ರ ಓದಿದಾಗ ಮೊದಲು ಸಿಟ್ಟೇ ಬಂತು. ನಾವು ಹಾಗೆಲ್ಲ ಮಾಡುವವರಲ್ಲ ಅಂತ ಉತ್ತರ ಬರೆಯಲೂ ಕೂತಿದ್ದೆ. ಯಾಕೋ ಅನುಮಾನ ಬಂದು, ನಮ್ಮ ವೆಬ್‌ಸೈಟ್ ನೋಡಿಕೊಳ್ಳುವ ಸಹೋದ್ಯೋಗಿಯನ್ನು ಪಕ್ಕಕ್ಕೆ ಕರೆದು ಆ ಲೇಖನ ತೆರೆಸಿದೆ. ಪುಟ ತೆರೆಯುವಾಗ ಬ್ರೌಸರ್ ಯಾರ್ಯಾರ ಸರ್ವರಿಗೆ (ಪುಟದ ಭಾಗಗಳನ್ನು ಕಳಿಸಿಕೊಡುವ ಕಂಪ್ಯೂಟರಿಗೆ) ಕರೆ ಕಳಿಸುತ್ತದೆ ಅನ್ನುವುದನ್ನು ಬ್ರೌಸರಿನಲ್ಲೇ ನೋಡಬಹುದು. ಅವರು ಎಣಿಸಿದರು. ನಮ್ಮನ್ನು ಬಿಟ್ಟು ಇನ್ನೂ ಒಂಬತ್ತು ಮಂದಿ! ಬದನೆಕಾಯಿ ತಿಂದದ್ದು ನಿಜ.

ಇವರನ್ನೆಲ್ಲ ಒಳಗೆ ಕರೆದವರು ಯಾರು? ನಾವೇ. ಓದುಗರನ್ನು ಎಣಿಸಲು ಒಂದು, ಜಾಹೀರಾತಿಗೆ ಮೂರು, ಲೇಖನ ಹಂಚಿಕೊಳ್ಳುವ ಬಟನ್ನುಗಳಿಗೆ ಎರಡು, ವಿಡಿಯೋಗೆ ಒಂದು, ಅಕ್ಷರ ಚೆಂದ ಕಾಣಲಿ ಅಂತ ಫಾಂಟಿಗೆ ಒಂದು. ಒಂಬತ್ತನೆಯದು ಯಾಕಿದೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ವೆಬ್‌ಸೈಟ್ ಕಟ್ಟಿಕೊಟ್ಟವರು ಯಾವಾಗಲೋ ಹಾಕಿ ಬಿಟ್ಟುಹೋಗಿದ್ದಾರೆ. ಇವೆಲ್ಲ ಸಿಗುವುದು ಪುಕ್ಕಟೆ. ಅಂಟಿಸಿಬಿಟ್ಟರೆ ಕೆಲಸ ಮುಗಿಯಿತು. ಯಾರೂ ಮತ್ತೆ ತಿರುಗಿ ನೋಡುವುದಿಲ್ಲ.

ಇನ್ನು ದಿಂಬಿನ ಕಥೆ. ವೆಬ್ ಸರ್ವರಿಗೆ ಹುಟ್ಟಿನಿಂದಲೇ ಮರೆವು. ಒಂದು ಪುಟ ಕೇಳಿ ಪಡೆದವರು ಇನ್ನೊಂದು ಪುಟ ಕೇಳಿದರೆ ಅದಕ್ಕೆ ಹೊಸಬರೇ. ಅಂಗಡಿಯ ಬುಟ್ಟಿಗೆ ಹಾಕಿದ ಸಾಮಾನು ನೆನಪಿರಬೇಕಲ್ಲ? ಅದಕ್ಕಾಗಿ 1994ರಲ್ಲಿ, ಬ್ರೌಸರ್ ಮಾಡುತ್ತಿದ್ದ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಕುಕೀ ಅನ್ನುವುದನ್ನು ಮಾಡಿದರು. ಸರ್ವರ್ ನಿಮ್ಮ ಬ್ರೌಸರಿನ ಕೈಗೆ ಒಂದು ಚೀಟಿ ಕೊಡುತ್ತದೆ. ಮುಂದಿನ ಸಲ ಬಂದಾಗ ಬ್ರೌಸರ್ ಅದೇ ಚೀಟಿ ತೋರಿಸುತ್ತದೆ. ಇಷ್ಟೇ ಆಗಿದ್ದರೆ ತಕರಾರಿರಲಿಲ್ಲ.

ಆದರೆ ನಮ್ಮ ಪುಟದೊಳಗೆ ಕೂತ ಜಾಹೀರಾತು ಕಂಪನಿಯೂ ಚೀಟಿ ಕೊಡಬಹುದು. ಅದೇ ಕಂಪನಿ ಇನ್ನೂ ಸಾವಿರಾರು ವೆಬ್‌ಸೈಟುಗಳಲ್ಲಿ ಕೂತಿರುತ್ತದೆ. ನಮ್ಮಲ್ಲಿ ನಿದ್ದೆಯ ಲೇಖನ ಓದಿದ ಚೀಟಿಯೇ ನಾಳೆ ಸುದ್ದಿ ತಾಣದಲ್ಲಿ, ನಾಡಿದ್ದು ಅಡುಗೆ ತಾಣದಲ್ಲಿ ಕಾಣಿಸಿಕೊಂಡಾಗ ಅದಕ್ಕೆ ಗುರುತು ಸಿಗುತ್ತದೆ. ನೀವು ಯಾರು ಅಂತ ಗೊತ್ತಾಗಬೇಕಿಲ್ಲ. ನಿದ್ದೆ ಬಾರದವರು ಅಂತ ಗೊತ್ತಾದರೆ ಸಾಕು, ದಿಂಬು ಮಾರಬಹುದು.

ಯಜಮಾನರ ಮಾತಿಗೆ ಬರುತ್ತೇನೆ. ಹೆಸರಿಲ್ಲದಿದ್ದರೆ ಯಾರಿಗೇನು ಗೊತ್ತಾಗುತ್ತದೆ ಅಂತ 2006ರಲ್ಲಿ ಅಮೆರಿಕದ ಇಂಟರ್ನೆಟ್ ಸೇವೆಯ ಎಓಎಲ್ ಕಂಪನಿಯೂ ಅಂದುಕೊಂಡಿತ್ತು. ಸುಮಾರು ಆರೂವರೆ ಲಕ್ಷ ಬಳಕೆದಾರರು ಮೂರು ತಿಂಗಳಲ್ಲಿ ಏನೇನು ಹುಡುಕಿದರು ಅನ್ನುವ ಪಟ್ಟಿಯನ್ನು ಸಂಶೋಧಕರಿಗೆ ಉಪಯೋಗವಾಗಲಿ ಅಂತ ಹೊರಗೆ ಬಿಟ್ಟಿತು. ಹೆಸರಿನ ಜಾಗದಲ್ಲಿ ಬರೀ ನಂಬರ್. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರರು ಒಂದು ನಂಬರಿನ ಬೆನ್ನು ಹತ್ತಿ ಒಬ್ಬ ವಯಸ್ಸಾದ ಮಹಿಳೆಯ ಮನೆ ಬಾಗಿಲಿಗೇ ಹೋದರು. ಆಕೆ ಹುಡುಕಿದ್ದ ಊರು, ತನ್ನ ಅಡ್ಡಹೆಸರಿನವರು, ಹೀಗೆ ಒಂದೊಂದೇ ಎಳೆ ಹಿಡಿದರೆ ಸಾಕಾಗಿತ್ತು. ಕಂಪನಿ ಪಟ್ಟಿಯನ್ನು ವಾಪಸ್ ತೆಗೆಯಿತು. ಅಷ್ಟರಲ್ಲಿ ಅದರ ನಕಲುಗಳು ಎಲ್ಲ ಕಡೆ ಹರಡಿದ್ದವು.

ಆ ಕಥೆಯಲ್ಲಿ ನನಗೆ ಇವತ್ತಿಗೂ ಕಾಡುವುದು ಬೇರೆ. ಆಕೆಯ ಪಟ್ಟಿಯಲ್ಲಿ ಕಾಯಿಲೆಗಳ ಹೆಸರುಗಳೂ ಇದ್ದವು. ನೋಡಿದವರು ಪಾಪ, ಎಷ್ಟೊಂದು ರೋಗ ಅಂದುಕೊಳ್ಳಬೇಕು. ಆಕೆ ಹೇಳಿದ್ದೇನೆಂದರೆ, ಗೆಳತಿಯರ ಕಾಯಿಲೆಗಳ ಬಗ್ಗೆ ತಾನು ಓದಿ ಹೇಳುತ್ತಿದ್ದಳಂತೆ. ಅಂದರೆ ಹಿಂಬಾಲಿಸಿದವರಿಗೆ ಮನೆ ಸಿಕ್ಕಿತು, ಆದರೆ ಮನುಷ್ಯಳು ಸಿಗಲಿಲ್ಲ. ನೀವು ಸಹ ಯಾರಿಗೋಸ್ಕರ ಆ ಲೇಖನ ಓದಿದಿರೋ ನನಗೆ ಗೊತ್ತಿಲ್ಲ. ಆದರೆ ಜಾಹೀರಾತು ಕಂಪನಿ ನಿಮ್ಮ ಚೀಟಿಯ ಮೇಲೆ ಆಗಲೇ ಗುರುತು ಹಾಕಿಯಾಗಿದೆ.

ಇನ್‌ಕಾಗ್ನಿಟೊ ಬಗ್ಗೆ: ಕಿಟಕಿ ಮುಚ್ಚಿದಾಗ ನಿಮ್ಮ ಯಂತ್ರದಲ್ಲಿ ಉಳಿದ ಕುಕೀ, ಇತಿಹಾಸ ಅಳಿಸುತ್ತದೆ. ಅದೇ ಕಂಪ್ಯೂಟರ್ ಬಳಸುವ ಮನೆಯವರಿಗೆ ಗೊತ್ತಾಗುವುದಿಲ್ಲ, ಅಷ್ಟೇ. ಆಚೆ ಕಡೆಯವರು ನೋಡುವುದನ್ನು ಅದು ಪೂರ್ತಿ ತಡೆಯುವುದಿಲ್ಲ. ಇದೇ ವಿಷಯಕ್ಕೆ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ದಾವೆ ಬಿತ್ತು. ರಾಜಿಯಾಗಿ, 2024ರಲ್ಲಿ ಕೋಟ್ಯಂತರ ದಾಖಲೆಗಳನ್ನು ಅಳಿಸಲು ಕಂಪನಿ ಒಪ್ಪಿತು.

ಕುಕೀ ಇಲ್ಲದೆಯೂ ಗುರುತು ಹಿಡಿಯಬಹುದು ಅನ್ನುವುದು ಇನ್ನೊಂದು ತಲೆನೋವು. ಪರದೆಯ ಅಳತೆ, ಯಂತ್ರದಲ್ಲಿರುವ ಫಾಂಟುಗಳು, ಸಮಯ ವಲಯ, ಬ್ರೌಸರಿನ ಆವೃತ್ತಿ, ಇವೆಲ್ಲ ಸೇರಿದರೆ ಬೆರಳಚ್ಚಿನ ಹಾಗೆ. 2010ರಲ್ಲಿ ಡಿಜಿಟಲ್ ಹಕ್ಕುಗಳ ಪರ ಕೆಲಸ ಮಾಡುವ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಸುಮಾರು 4.7 ಲಕ್ಷ ಬ್ರೌಸರುಗಳನ್ನು ಪರೀಕ್ಷಿಸಿತು. ಶೇ 83.6ರಷ್ಟು ಬ್ರೌಸರುಗಳಿಗೆ ಆ ಗುಂಪಿನಲ್ಲಿ ಜೋಡಿಯೇ ಇರಲಿಲ್ಲ.

"ಒಪ್ಪುತ್ತೇನೆ" ಅನ್ನುವ, ಕುಕೀಗೆ ಒಪ್ಪಿಗೆ ಕೇಳುವ ಡಬ್ಬಿ ನಮ್ಮಲ್ಲೂ ಇತ್ತಲ್ಲ ಅಂತ ನೀವು ಕೇಳಬಹುದು. ಇತ್ತು. ಒಪ್ಪಲು ಒಂದೇ ಒತ್ತು, ಬೇಡ ಅನ್ನಲು ಮೂರು ಪುಟ ದಾಟಬೇಕಿತ್ತು. ಇಂಥದ್ದಕ್ಕೇ 2022ರ ಜನವರಿಯಲ್ಲಿ ಫ್ರಾನ್ಸಿನ ಖಾಸಗಿ ಮಾಹಿತಿ ರಕ್ಷಣೆಯ ಸಿಎನ್‌ಐಎಲ್ ಸಂಸ್ಥೆ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿದ ಸುದ್ದಿಯನ್ನು ನಾವೇ ಛಾಪಿಸಿದ್ದೆವು. ನಾಚಿಕೆಯಾಗಬೇಕಿತ್ತು.

ಈಗ ಏನು ಮಾಡಿದ್ದೇವೆ ಅಂದರೆ, ಹಂಚಿಕೆಯ ಬಟನ್ನುಗಳು ಹೋದವು. ಅವುಗಳ ಜಾಗದಲ್ಲಿ ಸಾದಾ ಕೊಂಡಿಗಳಿವೆ, ನೀವು ಒತ್ತುವ ತನಕ ಯಾರಿಗೂ ಸುದ್ದಿ ಹೋಗುವುದಿಲ್ಲ. ಫಾಂಟ್ ನಮ್ಮ ಸರ್ವರಿನಲ್ಲೇ ಇದೆ. ವಿಡಿಯೋ ನೀವು ಒತ್ತಿದರಷ್ಟೇ ಬರುತ್ತದೆ. ಆ ಒಂಬತ್ತನೆಯವನನ್ನಂತೂ ಅದೇ ದಿನ ಹೊರಗೆ ಹಾಕಿದೆವು. ಎಣಿಕೆ ಮಾತ್ರ ಬಿಟ್ಟಿಲ್ಲ. ಯಾವ ಲೇಖನ ಎಷ್ಟು ಸಲ ತೆರೆಯಿತು ಅಂತ ತಿಳಿಯದೆ ಪತ್ರಿಕೆ ನಡೆಸುವುದು ಕಷ್ಟ. ಆದರೆ ಎಣಿಸುವುದಕ್ಕೂ ಹಿಂಬಾಲಿಸುವುದಕ್ಕೂ ವ್ಯತ್ಯಾಸವಿದೆ. ಈಗ ಮಟೊಮೊ ಅನ್ನುವ ತಂತ್ರಾಂಶವನ್ನು ನಮ್ಮಲ್ಲೇ ಇಟ್ಟುಕೊಂಡು, ಕುಕೀ ಇಲ್ಲದೆ, ಐಪಿ ವಿಳಾಸದ (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕದ ನಂಬರ್) ಕೊನೆಯ ಭಾಗ ಅಳಿಸಿ ಎಣಿಸುತ್ತೇವೆ. ಆ ನಿದ್ದೆಯ ಲೇಖನ ಅತಿ ಜಾಸ್ತಿ ತೆರೆಯುವುದು ರಾತ್ರಿ ಎರಡು ಗಂಟೆಯ ಆಸುಪಾಸಿನಲ್ಲಿ. ನಮಗೆ ಅಷ್ಟು ಗೊತ್ತಾದರೆ ಸಾಕು. ಮುಂದಿನ ಸಂಚಿಕೆಗೆ ಅದೇ ವಿಷಯದ ಮೇಲೆ ಇನ್ನೊಂದು ಲೇಖನ ಬರೆಸಿದ್ದೇವೆ.

ಜಾಹೀರಾತು ಕಂಪನಿಗಳು ಮೂರಿದ್ದವು. ಎರಡನ್ನು ಬಿಟ್ಟೆವು, ಒಂದರ ಒಪ್ಪಂದ ಇನ್ನೂ ನಾಲ್ಕು ತಿಂಗಳಿದೆ. ಆಮೇಲೆ ಓದುಗರನ್ನು ನೋಡಿ ಹಾಕುವ ಜಾಹೀರಾತು ಬೇಡ, ಲೇಖನ ನೋಡಿ ಹಾಕುವುದು ಸಾಕು ಅಂತ ತೀರ್ಮಾನಿಸಿದ್ದೇವೆ. ಆದಾಯ ಕುಸಿದೀತು ಅಂತ ನಮ್ಮ ಲೆಕ್ಕದವರಿಗೆ ಭಯ. ನೆದರ್ಲೆಂಡ್ಸ್‌ನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಪಿಓ 2020ರಲ್ಲಿ ಹೀಗೇ ಮಾಡಿದಾಗ ಮೊದಲ ತಿಂಗಳುಗಳಲ್ಲಿ ಅದರ ಜಾಹೀರಾತು ಆದಾಯ ಏರಿತ್ತು. ನಾವು ಅಷ್ಟು ದೊಡ್ಡವರಲ್ಲ, ನೋಡೋಣ.

ಅಲ್ಲಿಯ ತನಕ ನಿಮ್ಮ ಕೈಯಲ್ಲಿರುವುದನ್ನು ನೀವು ಮಾಡಿ. ಸಫಾರಿ ಮತ್ತು ಫೈರ್‌ಫಾಕ್ಸ್‌ನಲ್ಲಿ ಹೊರಗಿನವರ ಚೀಟಿ ಒಂದು ತಾಣದಿಂದ ಇನ್ನೊಂದಕ್ಕೆ ಹೋಗದಂತೆ ಮೊದಲಿಂದಲೇ ತಡೆಯಿದೆ. ಕ್ರೋಮ್‌ನಲ್ಲಿ ನೀವೇ ಸೆಟ್ಟಿಂಗ್ಸ್‌ಗೆ ಹೋಗಿ ಮೂರನೆಯವರ (ಥರ್ಡ್ ಪಾರ್ಟಿ) ಕುಕೀ ನಿಲ್ಲಿಸಬೇಕು. ಎರಡು ವರ್ಷದಲ್ಲಿ ತಾನೇ ನಿಲ್ಲಿಸುತ್ತೇನೆ ಅಂತ 2020ರಲ್ಲಿ ಹೇಳಿದ್ದ ಗೂಗಲ್, ಮುಂದೂಡುತ್ತಾ ಹೋಗಿ ಕೊನೆಗೆ ಆ ಯೋಚನೆಯನ್ನೇ ಕೈಬಿಟ್ಟಿತು. ಜಾಹೀರಾತು, ಹಿಂಬಾಲಿಸುವವರನ್ನು ತಡೆಯುವ ಯುಬ್ಲಾಕ್ ಆರಿಜಿನ್ ಅನ್ನುವ ಪುಟ್ಟ ತಂತ್ರಾಂಶವನ್ನು ಫೈರ್‌ಫಾಕ್ಸ್‌ಗೆ, ಕ್ರೋಮ್ ಆದರೆ ಅದರ ಲೈಟ್ ಆವೃತ್ತಿಯನ್ನು ಹಾಕಿಕೊಂಡರೆ ಇನ್ನೂ ಒಳ್ಳೆಯದು. ಹಾಕಿಕೊಂಡರೆ ನಮ್ಮ ಜಾಹೀರಾತೂ ಕಾಣುವುದಿಲ್ಲ. ಈ ನಾಲ್ಕು ತಿಂಗಳ ಮಟ್ಟಿಗೆ ಅದನ್ನು ನಾವು ಸಹಿಸಿಕೊಳ್ಳಲೇಬೇಕು. ಆಮೇಲೂ ದಿಂಬು ಕಂಡರೆ ಮತ್ತೆ ಬರೆಯಿರಿ.