ನಮ್ಮೂರ ಲಿಥಿಯಂ, ನಮ್ಮ ಜಮೀನು

ಪ್ರಶ್ನೆ: ಸಾರ್, ನಮ್ಮೂರು ಮರ್ಲಗಲ್ಲದ ಹತ್ತಿರ. ಇಲ್ಲಿ ಲಿಥಿಯಂ ಸಿಕ್ಕಿದೆ, ಅದಕ್ಕೇ ಕೇಂದ್ರ 16,300 ಕೋಟಿ ರೂಪಾಯಿಯ ಯೋಜನೆ ತಂದಿದೆ ಅಂತಾರೆ. ನಮ್ಮ ಜಮೀನು ಹೋಗುತ್ತಾ?
– ಒಬ್ಬ ರೈತ, ಮಂಡ್ಯ ಜಿಲ್ಲೆ

ಉತ್ತರ: ನಾಳೆಯೇ ಜೆಸಿಬಿ ಬರುತ್ತದೆಂದು ಹೆದರಬೇಡಿ. 2025ರ ಜನವರಿಯಲ್ಲಿ ಒಪ್ಪಿಗೆ ಪಡೆದ ಆ ಯೋಜನೆ ಇಡೀ ದೇಶದ್ದು. ಲಿಥಿಯಂ ಜೊತೆಗೆ ಕೋಬಾಲ್ಟ್, ನಿಕಲ್, ಅಪರೂಪದ ಲೋಹಗಳೂ ಅದರಲ್ಲಿವೆ. ನಿಮ್ಮ ಭಾಗದ ಅಂದಾಜು 1,600 ಟನ್, ಅದೂ ಪ್ರಾಥಮಿಕ ಅಂದಾಜು. ಅಷ್ಟೂ ಲೋಹವಾಗಿ ಕೈಗೆ ಬಂತೆಂದೇ ಇಟ್ಟುಕೊಳ್ಳಿ. ವಿದ್ಯುತ್ ಕಾರಿನ ಬ್ಯಾಟರಿಗೆ ಎಂಟು ಕಿಲೊ ಹಿಡಿದರೆ ಎರಡು ಲಕ್ಷ ಕಾರಿಗೆ ಆಯಿತು. ನಮ್ಮ ದೇಶದಲ್ಲಿ ವರ್ಷಕ್ಕೆ ಮಾರಾಟವಾಗುವ ಕಾರುಗಳೇ 40 ಲಕ್ಷ ದಾಟುತ್ತವೆ.

ಭೂವಿಜ್ಞಾನಿಯಾಗಿ ಕಲ್ಲು ಒಡೆಯುತ್ತಲೇ ನಿವೃತ್ತನಾದವನು ನಾನು. ಈಗಲೂ ಮೇಜಿನ ಮೇಲೆ ಲಿಥಿಯಂ ಇರುವ ಕಲ್ಲು ಸ್ಪೋಡುಮೀನ್‌ನ ತುಂಡೊಂದಿದೆ: ತೆಳು ಹಸಿರು, ಉದ್ದಕ್ಕೆ ಸೀಳಿದಂತೆ ಪದರ ಪದರ. ಬೆಣಚುಕಲ್ಲು, ಕಾಗೆಬಂಗಾರದ ಜೊತೆಯಲ್ಲೇ ಸಿಗುತ್ತದೆ. ಅಪ್ಪಟ ಹರಳಿನಲ್ಲೂ ಲಿಥಿಯಂ ನೂರಕ್ಕೆ ನಾಲ್ಕು ಪಾಲೂ ಇರುವುದಿಲ್ಲ. ಅದನ್ನು ಸಾವಿರ ಡಿಗ್ರಿಗೂ ಮೇಲೆ ಸುಟ್ಟು, ಗಂಧಕಾಮ್ಲ ಬೆರೆಸಿ ಮತ್ತೆ ಕಾಯಿಸಿ, ನೀರಲ್ಲಿ ಕರಗಿಸಿ, ಸೋಡಾ ಹಾಕಿದಾಗಲೇ ಲಿಥಿಯಂ ಕಾರ್ಬೊನೇಟ್ ಎಂಬ ಬಿಳಿ ಪುಡಿ ಕೆಳಗಿಳಿಯುವುದು. ಜಗತ್ತಿನ ಲಿಥಿಯಂನಲ್ಲಿ ಅರ್ಧಕ್ಕಿಂತ ಹೆಚ್ಚು ಶುದ್ಧವಾಗುವುದು ಚೀನಾದಲ್ಲಿ. ನಮಗೆ ಕೊರತೆ ಇರುವುದು ಆ ಕುಲುಮೆಯದು, ಆ ಕೈಚಳಕದ್ದು. ಹಳೆ ಬ್ಯಾಟರಿಯಿಂದ ಲೋಹ ತೆಗೆಯುವವರಿಗೆ 1,500 ಕೋಟಿ ಪ್ರೋತ್ಸಾಹಧನ ಇಟ್ಟದ್ದು ಅದಕ್ಕೇ ನನಗೆ ತುಂಬಾ ಹಿಡಿಸಿತು.

ಹಿಡಿಸದ್ದೂ ಒಂದಿದೆ. ಗಣಿ ಕಾನೂನಿಗೆ 2023ರಲ್ಲಿ ತಂದ ತಿದ್ದುಪಡಿ ಲಿಥಿಯಂ ಗಣಿಯನ್ನು ಖಾಸಗಿಯವರಿಗೆ ತೆರೆದು, ಹರಾಜನ್ನು ಕೇಂದ್ರದ ಕೈಗೆ ಕೊಟ್ಟಿತು. ಅದು ಸರಿ ಅನ್ನೋಣ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಪರಿಸರ ಸಚಿವಾಲಯ ಇಂಥ ಗಣಿಗಳಿಗೆ ಸಾರ್ವಜನಿಕ ಅಹವಾಲು ಸಭೆಯೇ ಬೇಡ ಎಂದುಬಿಟ್ಟಿತು. ಕುಲುಮೆ ಇಲ್ಲದೆ ತಡವಾಗುತ್ತಿರುವ ಕೆಲಸಕ್ಕೆ ಊರವರ ಬಾಯಿ ಮುಚ್ಚಿಸಿದರೆ ವೇಗ ಬರುತ್ತದೆಯೇ? ಯಾವ ಬಾವಿ ಯಾವ ಬೇಸಿಗೆಯಲ್ಲಿ ಬತ್ತುತ್ತದೆ ಎಂದು ನನ್ನಂಥವರಿಗೆ ಹೇಳಿಕೊಟ್ಟವರೇ ಊರಿನ ಹಿರಿಯರು. ಆ ಸಭೆ ಮತ್ತೆ ಬರಲೇಬೇಕು.

ಅಲ್ಲಿಯವರೆಗೆ ನೀವೊಂದು ಕೆಲಸ ಮಾಡಿ. ಕೊರೆಯಲು ಯಾರಾದರೂ ಬಂದರೆ ಅನುಮತಿಯ ಪ್ರತಿ ಕೇಳಿ. ಪಹಣಿ, ಸರ್ವೆ ನಕ್ಷೆ ಸರಿಮಾಡಿಸಿಕೊಳ್ಳಿ. ಬಾವಿಯ ನೀರು ಎಷ್ಟು ಆಳದಲ್ಲಿದೆ ಎಂದು ತಿಂಗಳಿಗೊಮ್ಮೆ ಹಗ್ಗ ಬಿಟ್ಟು ಅಳೆದು, ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಈ ತಿಂಗಳಿಂದಲೇ.