ಪಕ್ಕದ ಊರು ಬಿಟ್ಟು ನಮ್ಮೂರೇ ಏಕೆ?

ಪ್ರಶ್ನೆ: ಶೃಂಗೇರಿ ಕಡೆಯ ಅಡಿಕೆ ಬೆಳೆಗಾರ ನಾನು. ಪಶ್ಚಿಮ ಘಟ್ಟದ ಬಗ್ಗೆ ಗಾಡ್ಗೀಳ್ ಸಮಿತಿ ಒಂದು ಹೇಳಿತು, ಕಸ್ತೂರಿರಂಗನ್ ಸಮಿತಿ ಇನ್ನೊಂದು. ನಮ್ಮೂರು ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿದೆ, ಪಕ್ಕದ ಊರು ಇಲ್ಲ. ಎರಡೂ ವಿಜ್ಞಾನಿಗಳ ವರದಿಯೇ. ಯಾವುದನ್ನು ನಂಬಬೇಕು ಸಾರ್?

ಉತ್ತರ: ಅವರಿಬ್ಬರ ನಡುವಿನ ದೊಡ್ಡ ಜಗಳ ಗೆರೆ ಎಲ್ಲಿ ಎಳೆಯಬೇಕು ಎಂಬುದರ ಬಗ್ಗೆ. 2011ರಲ್ಲಿ ಗಾಡ್ಗೀಳ್ ಸಮಿತಿ ಇಡೀ ಘಟ್ಟವನ್ನೇ ಸೂಕ್ಷ್ಮ ಎಂದು ಮೂರು ವಲಯ ಮಾಡಿತು. ಅಂತಿಮ ಗಡಿಯನ್ನು ಗ್ರಾಮಸಭೆಗಳ ಜತೆ ಕೂತು ನಿರ್ಧರಿಸಿ ಎಂದಿತು. (ಆ ವರದಿ ಜನರ ಕೈಗೆ ಸಿಕ್ಕಿದ್ದು 2012ರ ಮೇನಲ್ಲಿ, ಅದೂ ಮಾಹಿತಿ ಹಕ್ಕಿನಡಿ ಗುದ್ದಾಡಿದ ಮೇಲೆ!) 2013ರಲ್ಲಿ ಕಸ್ತೂರಿರಂಗನ್ ಸಮಿತಿ ತೋಟ, ಗದ್ದೆ, ಊರುಕೇರಿ ಬದಿಗಿಟ್ಟು, ಉಪಗ್ರಹ ಚಿತ್ರ ನೋಡಿ, ಘಟ್ಟದ ಸುಮಾರು ಶೇ 37 ಭಾಗ ಸಾಕು ಎಂದಿತು.

ನಿಮ್ಮೂರಿನ ವಿಷಯಕ್ಕೆ ಬರೋಣ. ಕಸ್ತೂರಿರಂಗನ್ ಸಮಿತಿಯ ಲೆಕ್ಕದಲ್ಲಿ, ಊರಿನ ವಿಸ್ತೀರ್ಣದಲ್ಲಿ ಶೇ 20 ಅಥವಾ ಅದಕ್ಕಿಂತ ಹೆಚ್ಚು ಸೂಕ್ಷ್ಮ ಕಾಡಿದ್ದರೆ ಇಡೀ ಊರು ಪಟ್ಟಿಗೆ. ಶೇ 19 ಇದ್ದರೆ ಹೊರಗೆ. ಈ ಇಪ್ಪತ್ತು ಯಾವ ಉಪಗ್ರಹ ಕೊಟ್ಟ ಅಂಕಿಯೂ ಅಲ್ಲ, ಸಮಿತಿ ಆರಿಸಿಕೊಂಡದ್ದು. ಹದಿನೈದು ಅಂದಿದ್ದರೆ ಪಟ್ಟಿ ಉದ್ದವಾಗುತ್ತಿತ್ತು, ಮೂವತ್ತು ಅಂದಿದ್ದರೆ ಗಿಡ್ಡ. ಎಲ್ಲೋ ಒಂದು ಕಡೆ ನಿಲ್ಲಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಅದು ಯಾರೋ ಕೂತು ಮಾಡಿದ ತೀರ್ಮಾನ ಎಂದು ಬಾಯಿಬಿಟ್ಟು ಹೇಳದಿದ್ದರೆ ಬೈಗುಳವೆಲ್ಲ ವಿಜ್ಞಾನದ ತಲೆಗೇ ಬೀಳುತ್ತದೆ.

ಉಪಗ್ರಹ ಚಿತ್ರಕ್ಕೂ ಮಿತಿ ಇದೆ. ನೆರಳು ಮರಗಳ ಕೆಳಗಿನ ಕಾಫಿ ತೋಟ ಮೇಲಿನಿಂದ ಕಾಡಿನಂತೆಯೇ ಕಾಣುತ್ತದೆ. ಸ್ಥಳಕ್ಕೆ ಹೋಗಿ ತಾಳೆ ನೋಡದೆ ಬಗೆಹರಿಯದು.

ಇನ್ನು ನಿಮ್ಮ ತೋಟ. ಕಸ್ತೂರಿರಂಗನ್ ವರದಿ ಆಧರಿಸಿದ ಕೇಂದ್ರದ ಕರಡು ಅಧಿಸೂಚನೆ ನಿಷೇಧಿಸುವುದು ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ (ಅತಿ ಹೆಚ್ಚು ಮಾಲಿನ್ಯ ಮಾಡುವ) ಹೊಸ ಕೈಗಾರಿಕೆ, 20,000 ಚದರ ಮೀಟರ್ ಮತ್ತು ಮೇಲ್ಪಟ್ಟ ಕಟ್ಟಡಗಳನ್ನು. ಅಡಿಕೆಯನ್ನಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಬೇಡ ಎನ್ನುವ ಹಕ್ಕು ಸರ್ಕಾರಕ್ಕಿದೆ. ಹಾಗೆಂದ ಮಾತ್ರಕ್ಕೆ ಗುಡ್ಡದ ಇಳಿಜಾರೇನೂ ಕಡಿಮೆಯಾಗುವುದಿಲ್ಲ.

ಕರಡು ಹೊರಬಿದ್ದಾಗಲೆಲ್ಲ ಆಕ್ಷೇಪಣೆಗೆ 60 ದಿನ ಸಿಗುತ್ತದೆ. ಬರೀ 'ವಿರೋಧವಿದೆ' ಎಂದು ಬರೆದರೆ ಅದು ರಾಶಿಯಲ್ಲಿ ಕಳೆದುಹೋಗುತ್ತದೆ. ಯಾವ ಸರ್ವೆ ನಂಬರಿನ ತೋಟ ಕಾಡೆಂದು ಲೆಕ್ಕಕ್ಕೆ ಬಂದಿದೆ ಎಂದು ಪಹಣಿ, ಗ್ರಾಮನಕ್ಷೆ ಸಮೇತ ಗ್ರಾಮಸಭೆಯ ಠರಾವು ಕಳಿಸಿ.