40 ವರ್ಷದ ಲೆಕ್ಕ ಯಾಕೆ ತಾಳೆ ಆಗಲ್ಲ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಹಳೇ ದಂಪತಿಗಳದ್ದೇ. ಕೆಲವನ್ನು ಚಿಕ್ಕದು ಮಾಡಿದ್ದೇನೆ, ಹೆಸರು ತೆಗೆದಿದ್ದೇನೆ. ಮೊದಲ ಪತ್ರಕ್ಕೆ ಜಾಸ್ತಿ ಜಾಗ ಹೋಗಿದೆ. ಅದೇ ಸಂಕಟವನ್ನು ಬೇರೆ ಬೇರೆ ಮಾತಲ್ಲಿ ತುಂಬಾ ಜನ ಬರೆದಿದ್ದಾರೆ.

ಪ್ರಶ್ನೆ: ಮದುವೆಯಾಗಿ 40 ವರ್ಷ ಆಯಿತು ಮೇಡಂ. ಮೊನ್ನೆ ಮನೆಯವರೆಲ್ಲ ಸೇರಿದ್ದಾಗ ಮಗ, "ನೀವಿಬ್ಬರೂ ಇದನ್ನೆಲ್ಲ ಹೇಗೆ ನಿಭಾಯಿಸಿದ್ರಿ?" ಅಂತ ಕೇಳಿದ. ನಮ್ಮ ಯಜಮಾನರು ಆರಾಮಾಗಿ, "ಇಬ್ಬರೂ ಸಮಸಮ ಎಳೆದ್ವಿ ಕಣೋ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಮಕ್ಕಳ ಜ್ವರ, ಶಾಲೆ, ಆರು ವರ್ಷ ಹಾಸಿಗೆ ಹಿಡಿದಿದ್ದ ಅತ್ತೆ, ಎಲ್ಲ ನೋಡಿಕೊಂಡವಳು ನಾನು. ಅವರು ಸುಳ್ಳು ಹೇಳಿದ್ದಲ್ಲ, ನಿಜಕ್ಕೂ ಹಾಗೇ ನಂಬಿದ್ದಾರೆ. ಅದೇ ನನಗೆ ಜಾಸ್ತಿ ನೋವು. ಈ ವಯಸ್ಸಿನಲ್ಲಿ ಇದನ್ನು ಎತ್ತಬೇಕಾ, ಸುಮ್ನೆ ಬಿಡಬೇಕಾ?

ಉತ್ತರ: ಎತ್ತಿ. ಆದರೆ ಹೇಗೆ ಎತ್ತುತ್ತೀರಿ ಅನ್ನೋದು ಮುಖ್ಯ.

1979ರಲ್ಲಿ ಕೆನಡಾದಲ್ಲಿ ಮೈಕೆಲ್ ರಾಸ್ ಮತ್ತು ಫಿಯೊರೆ ಸಿಕೋಲಿ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. 37 ಜೋಡಿಗಳು. ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆಯಾಗಿ ಕೇಳಿದ್ದು ಒಂದೇ: ಸಂಸಾರದ ಈ 20 ಕೆಲಸಗಳಲ್ಲಿ ನಿಮ್ಮ ಪಾಲು ಎಷ್ಟು? ಇಬ್ಬರದ್ದೂ ಕೂಡಿದರೆ ನೂರು ಬರಬೇಕು ಅಲ್ವಾ? 27 ಜೋಡಿಗಳಲ್ಲಿ ಅದು ನೂರು ದಾಟಿತು. ಆ ಪಟ್ಟಿಯಲ್ಲಿ ಜಗಳ ತೆಗೆಯುವುದೂ ಒಂದು ಬಾಬತ್ತು, ಅದರಲ್ಲೂ ಜನ ತಮ್ಮ ಪಾಲು ಜಾಸ್ತಿ ಅಂತಲೇ ಹೇಳಿದರು! ಅಂದರೆ ಇದು ಬರೀ ಜಂಬ ಅಲ್ಲ. ನಾವು ಮಾಡಿದ್ದು ನಮಗೆ ಒಳಗಿನಿಂದ ಗೊತ್ತು, ಎದ್ದಿದ್ದು, ಓಡಿದ್ದು, ಸೊಂಟ ಹಿಡಿದಿದ್ದು ಎಲ್ಲ. ಇನ್ನೊಬ್ಬರು ಮಾಡಿದ್ದು ಕಣ್ಣಿಗೆ ಬಿದ್ದಷ್ಟೇ.

ಇದನ್ನು ಓದಿದ ಮೇಲೆ ನಾನೂ ನಮ್ಮವರೂ ಒಂದು ಸಂಜೆ ಎರಡು ಹಾಳೆ ಇಟ್ಟುಕೊಂಡು ಕೂತೆವು. ಇನ್ನೊಬ್ಬರಿಗೆ ಗೊತ್ತಿಲ್ಲ ಅನ್ನಿಸುವ ಐದು ಕೆಲಸ ಬರೆಯಬೇಕು, ಅಷ್ಟೇ. ಇವರ ಹಾಳೆಯ ಮೊದಲ ಸಾಲು, "ರಾತ್ರಿ ಎರಡು ಗಂಟೆಗೆ ಎದ್ದು ಗ್ಯಾಸೂ ಚಿಲಕವೂ ನೋಡುವುದು." 38 ವರ್ಷದಿಂದ ಇವರು ಬಚ್ಚಲಿಗೆ ಹೋಗಿ ಬರುತ್ತಾರೆ ಅಂತಲೇ ನಾನು ಅಂದುಕೊಂಡಿದ್ದೆ. ನನ್ನ ಹಾಳೆಯಲ್ಲಿ, "ನಾದಿನಿಯ ಮಕ್ಕಳ ಹುಟ್ಟುಹಬ್ಬಕ್ಕೆ ಫೋನ್ ಹಚ್ಚಿ ಇವರ ಕೈಗೆ ಕೊಡುವುದು" ಅಂತ ಇತ್ತು. ಇವರು ಕನ್ನಡಕ ಮೇಲೆ ಮಾಡಿ ಎರಡು ಸಲ ಓದಿದರು. ಇಷ್ಟು ವರ್ಷ ತಂಗಿಯೇ ಫೋನ್ ಮಾಡುತ್ತಿದ್ದಾಳೆ ಅಂತ ನಂಬಿದ್ದರಂತೆ, ಪುಣ್ಯಾತ್ಮರು.

ಈಗ ಒಂದು ಎಚ್ಚರಿಕೆ. "ಎಲ್ಲರಿಗೂ ತಮ್ಮದೇ ಜಾಸ್ತಿ ಅನ್ನಿಸುತ್ತೆ, ಹಾಗಾಗಿ ಇಬ್ಬರದ್ದೂ ಸಮ" ಅಂತ ಯಾರಾದರೂ ಇದರಿಂದ ತೀರ್ಮಾನಕ್ಕೆ ಬಂದರೆ ಅದು ತಪ್ಪು. ಒಬ್ಬರು ನಿಜವಾಗಿ ಎಪ್ಪತ್ತು ಪಾಲು ಮಾಡಿ ಎಂಬತ್ತು ಅನ್ನಬಹುದು, ಇನ್ನೊಬ್ಬರು ಮೂವತ್ತು ಮಾಡಿ ಐವತ್ತು ಅನ್ನಬಹುದು. ಲೆಕ್ಕ ನೂರು ದಾಟುತ್ತೆ, ಆದರೂ ಎಪ್ಪತ್ತು ಎಪ್ಪತ್ತೇ. ನಿಮ್ಮ ಪತ್ರ ಓದಿದರೆ ಆ ಎಪ್ಪತ್ತು ನೀವೇ ಇರಬೇಕು ಅನ್ನಿಸುತ್ತೆ.

ಹಾಗಾಗಿ ಮೊತ್ತದ ಮಾತು ಬೇಡ. "ಎಲ್ಲ ನಾನೇ ಮಾಡಿದ್ದು" ಅಂದರೆ ಅವರು ತಮ್ಮ ಪಟ್ಟಿ ತೆಗೆಯುತ್ತಾರೆ, ಇಬ್ಬರೂ ವಕೀಲರಾಗುತ್ತೀರಿ. ಒಂದೇ ಒಂದು ರಾತ್ರಿ ಹಿಡಿದುಕೊಳ್ಳಿ. ಅತ್ತೆಯ ಹಾಸಿಗೆ ಬಟ್ಟೆ ಮೂರು ಸಲ ಬದಲಾಯಿಸಿದ ಒಂದು ರಾತ್ರಿ ಇದ್ದೇ ಇರುತ್ತೆ ಅಲ್ವಾ, ಮಗಳಿಗೆ ಮಾರನೇ ದಿನ ಪರೀಕ್ಷೆ ಇದ್ದಂಥದ್ದು. ಅದನ್ನು ಶುರುವಿನಿಂದ ಕೊನೆವರೆಗೆ ಹೇಳಿ. ಮಗನ ಮುಂದೆ ಬೇಡ, ಇಬ್ಬರೇ ಇದ್ದಾಗ. ಆಮೇಲೆ, "ಅವತ್ತು ನೀವು ಎಲ್ಲಿದ್ರಿ?" ಅಂತ ಕೇಳಿ. ಸವಾಲು ಹಾಕಿದ ಹಾಗೆ ಅಲ್ಲ, ನಿಜವಾಗಿ ತಿಳಿದುಕೊಳ್ಳೋಕೆ. ಅವರು ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ. ಪಕ್ಕದ ಕೋಣೆಯಲ್ಲಿ ಎಚ್ಚರವಾಗೇ ಮಲಗಿದ್ದೆ, ಏಳೋಕೆ ಧೈರ್ಯ ಬರಲಿಲ್ಲ ಅನ್ನಬಹುದು. ಗಂಡಸರಲ್ಲಿ ಇದು ತುಂಬಾ ಜನರ ಕತೆ, ಬಾಯಿ ಬಿಟ್ಟು ಹೇಳಿದವರು ಮಾತ್ರ ಕಡಿಮೆ. ಅಥವಾ ಸುಮ್ಮನೇ ಕೂರಬಹುದು. ಆಗ ನೀವೂ ಸ್ವಲ್ಪ ಹೊತ್ತು ಸುಮ್ಮನಿರಿ, ದಯವಿಟ್ಟು ಮುಂದಿನ ಉದಾಹರಣೆಗೆ ಹಾರಬೇಡಿ.

ಪ್ರಶ್ನೆ: ನಿವೃತ್ತನಾಗಿ ಎಂಟು ತಿಂಗಳು. ಇನ್ನು ಮುಂದೆ ಇಬ್ಬರೂ ಹಾಯಾಗಿ ಇರೋಣ ಅಂದುಕೊಂಡಿದ್ದೆ. ನನ್ನಾಕೆ ನೋಡಿದರೆ ಬೆಳಿಗ್ಗೆ ಹತ್ತಾಗುತ್ತಲೇ "ಎಲ್ಲಾದ್ರೂ ಹೋಗ್ಬನ್ನಿ" ಅನ್ನುತ್ತಾಳೆ. 36 ವರ್ಷ ದುಡಿದು ಬಂದವನಿಗೆ ಇದಾ ಮರ್ಯಾದೆ?

ಉತ್ತರ: ಸಾರ್, ಇದು ನಿಮ್ಮೊಬ್ಬರ ಮನೆಯದ್ದಲ್ಲ. ಜಪಾನಿನಲ್ಲಿ ನೊಬುವೊ ಕುರೊಕಾವಾ ಎಂಬ ವೈದ್ಯರು 1991ರಲ್ಲೇ ಇದಕ್ಕೊಂದು ಹೆಸರು ಇಟ್ಟಿದ್ದಾರೆ, ಅರ್ಥ ಹೆಚ್ಚುಕಮ್ಮಿ 'ಗಂಡ ಮನೆಯಲ್ಲೇ ಇರುವುದರಿಂದ ಬರುವ ಒತ್ತಡ'. ಗಂಡ ನಿವೃತ್ತನಾದ ಮೇಲೆ ಹೆಂಡತಿಗೆ ತಲೆನೋವು, ಹೊಟ್ಟೆನೋವು, ನಿದ್ದೆಗೇಡು!

ನೀವು ಹೀಗೆ ಯೋಚಿಸಿ. ನಿಮ್ಮ ಆಫೀಸಿಗೆ ಒಂದು ದಿನ ಹೊಸಬರೊಬ್ಬರು ಬಂದು, ಬೆಳಿಗ್ಗೆಯಿಂದ ನಿಮ್ಮ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು, "ಈ ಫೈಲ್ ಯಾಕೆ ಇಲ್ಲಿದೆ?", "ಈಗ ಯಾರ ಫೋನು?" ಅಂತ ಕೇಳುತ್ತಾ ಕೂತರೆ? ನಿಮ್ಮ ಹೆಂಡತಿಗೆ 36 ವರ್ಷದಿಂದ ಹಗಲು ಹೊತ್ತಿನ ಮನೆ ಅಂದರೆ ಅವರದ್ದೇ ರಾಜ್ಯ. "ಏನಾದ್ರೂ ಸಹಾಯ ಮಾಡ್ಲಾ?" ಅನ್ನಬೇಡಿ, ಏನು ಅಂತ ಯೋಚಿಸಿ ಹೇಳುವ ಕೆಲಸ ಮತ್ತೆ ಅವರ ತಲೆಗೇ ಬೀಳುತ್ತೆ. ಒಂದು ಕೆಲಸವನ್ನು ಪೂರ್ತಿ ತೆಗೆದುಕೊಳ್ಳಿ, ಬಟ್ಟೆ ಒಗೆಯುವುದು ಅಂದರೆ ಸೋಪು ಮುಗಿದಿದೆ ಅಂತ ಗಮನಿಸುವುದರಿಂದ ಹಿಡಿದು ಮಡಚಿ ಇಡುವವರೆಗೆ. ಮತ್ತೆ, ಹತ್ತು ಗಂಟೆಗೆ ನಿಜಕ್ಕೂ ಎಲ್ಲಾದ್ರೂ ಹೋಗ್ಬನ್ನಿ. ಬಂದಮೇಲೆ ಹೇಳೋಕೆ ಏನಾದರೂ ಇರುತ್ತೆ.

ಪ್ರಶ್ನೆ: ಅಪ್ಪ ಅಮ್ಮನ ಮದುವೆಗೆ ಬರುವ ವರ್ಷ 50 ತುಂಬುತ್ತೆ. ಅವರ ಬದುಕಿನ ಕತೆಯನ್ನು ರೆಕಾರ್ಡ್ ಮಾಡೋಣ ಅಂತ ಕೂತರೆ ಪ್ರತಿಯೊಂದಕ್ಕೂ ಜಗಳ. "ಅವತ್ತು ಮಳೆ ಇತ್ತು", "ಮಳೆ ಎಲ್ಲಿ ಇತ್ತು?" ಹೀಗೇ. ಅದೂ ಅಲ್ಲದೆ ಮದುವೆಯ ಹೊಸದರ ಸಂಗತಿ ಚೆನ್ನಾಗಿ ನೆನಪಿದೆ, ನಾವು ಮಕ್ಕಳು ಬೆಳೆದ ವರ್ಷಗಳೇ ಮಸುಕು. ಬೇಜಾರಾಗುತ್ತೆ.

ಉತ್ತರ: ರೆಕಾರ್ಡರ್ ನಿಲ್ಲಿಸಬೇಡಮ್ಮ! ಮಳೆಯ ಜಗಳವೂ ಇರಲಿ. ಬಹಳ ವರ್ಷ ಜೊತೆಗಿದ್ದವರು ನೆನಪನ್ನೂ ಹಂಚಿಕೊಂಡಿರುತ್ತಾರೆ, ಅವಳಿಗೆ ಮುಖ ಮತ್ತು ಹೆಸರು, ಅವನಿಗೆ ದಾರಿ ಮತ್ತು ದುಡ್ಡು, ಹೀಗೆ. ಯಾವುದು ಯಾರ ಹತ್ತಿರ ಇದೆ ಅಂತ ಇಬ್ಬರಿಗೂ ಗೊತ್ತಿರುತ್ತೆ. ಡೇನಿಯಲ್ ವೆಗ್ನರ್ ಎಂಬ ಮನಃಶಾಸ್ತ್ರಜ್ಞ 1980ರ ದಶಕದಲ್ಲಿ ಇದನ್ನು ವಿವರಿಸಿದರು. ಹಾಗಾಗಿ ಮೊದಲು ಒಬ್ಬೊಬ್ಬರನ್ನೇ ಕೇಳು, ಆಮೇಲೆ ಇಬ್ಬರನ್ನೂ ಕೂರಿಸಿ ಅದನ್ನೇ ಕೇಳು. ಒಬ್ಬರ ಬಾಯಲ್ಲಿ ಬಾರದ ಹೆಸರು ಇನ್ನೊಬ್ಬರ ಅರ್ಧ ಮಾತಿಗೆ ಹೊರಗೆ ಬರುತ್ತೆ. ತೀರ್ಪು ಕೊಡೋಕೆ ಮಾತ್ರ ಹೋಗಬೇಡ.

ಮಸುಕಾದ ವರ್ಷಗಳ ಬಗ್ಗೆ ಬೇಜಾರು ಬೇಡ. ವಯಸ್ಸಾದವರನ್ನು ಕೇಳಿದರೆ ಸುಮಾರು 10ರಿಂದ 30ರ ವಯಸ್ಸಿನೊಳಗಿನ ನೆನಪುಗಳೇ ಜಾಸ್ತಿ ಬರುತ್ತವೆ, ಎಲ್ಲ ಮೊದಲ ಸಲದ ಸಂಗತಿಗಳು ಇರೋದು ಅಲ್ಲೇ. ನೀವು ಬೆಳೆದ ಹೊತ್ತಿನಲ್ಲಿ ದಿನವೂ ಅದೇ ಓಟ, ಸಾವಿರ ಬೆಳಗುಗಳು ಸೇರಿ ಒಂದೇ ಬೆಳಗು ಆಗಿಬಿಟ್ಟಿರುತ್ತೆ. "ನಾವು ಚಿಕ್ಕವರಿದ್ದಾಗ ಹೇಗಿತ್ತು?" ಅಂದರೆ "ಚೆನ್ನಾಗಿತ್ತು" ಅಂತ ಮುಗಿಸುತ್ತಾರೆ. ಒಂದು ವಸ್ತು ಕೈಗೆ ಕೊಡು. ಹರಿದ ಶಾಲೆ ಬ್ಯಾಗು, ಹಳೇ ಪಾಸ್‌ಬುಕ್ಕು, ಹಿಡಿ ಮುರಿದ ಛತ್ರಿ. ಛತ್ರಿ ಸಿಕ್ಕರೆ ಮಳೆಯ ವಿಷಯವೂ ಇತ್ಯರ್ಥ ಆದೀತು.

ಪ್ರಶ್ನೆ: 31 ವರ್ಷದಿಂದ ಒಂದೇ ವಿಷಯಕ್ಕೆ ಜಗಳ. ಎಲ್ಲಿಗೆ ಹೊರಟರೂ ಇವರು ಅರ್ಧ ಗಂಟೆ ಲೇಟು. ನಾವು ಇಷ್ಟು ವರ್ಷದಲ್ಲಿ ಏನೂ ಕಲಿಯಲೇ ಇಲ್ವಾ?

ಉತ್ತರ: ದಂಪತಿಗಳ ಮೇಲೆ ದಶಕಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ಜಾನ್ ಗಾಟ್‌ಮನ್ ಪ್ರಕಾರ ಅವರ ಜಗಳದ ವಿಷಯಗಳಲ್ಲಿ ಶೇ 69ರಷ್ಟು ಯಾವತ್ತೂ ಬಗೆಹರಿಯುವಂಥವಲ್ಲ, ಯಾಕೆಂದರೆ ಅವು ಸ್ವಭಾವಕ್ಕೆ ಅಂಟಿದವು. ನೀವು ಬಾಗಿಲಲ್ಲಿ ಚಪ್ಪಲಿ ಹಾಕಿ ನಿಂತು ಕೂಗುತ್ತಿದ್ದೀರಾ, ಇಲ್ಲ ಕೂತು ಪತ್ರಿಕೆ ಓದುತ್ತಿದ್ದೀರಾ ಅನ್ನೋದಷ್ಟೇ ನಿಮ್ಮ ಕೈಲಿರೋದು. ಆದರೆ ಜಗಳದಲ್ಲಿ ಅವರು ನಿಮ್ಮನ್ನು ಹೀಯಾಳಿಸುತ್ತಾರೆ, ನಿಮಗೆ ಹೆದರಿಕೆ ಆಗುತ್ತೆ ಅಂತಾದರೆ ಅದು ಸ್ವಭಾವದ ಜಗಳ ಅಲ್ಲ. ಹಾಗಿದ್ದರೆ ಇನ್ನೊಂದು ಪತ್ರ ಬರೆಯಿರಿ, ಅದಕ್ಕೆ ಬೇರೆ ಉತ್ತರ ಇದೆ.

ಪ್ರಶ್ನೆ: ನನ್ನ ಗಂಡನಿಗೆ 70. ಈಗೀಗ ನಾನು ಮಾತಾಡಿದರೆ ಉತ್ತರವೇ ಇಲ್ಲ. ಅದೇ ಅವರ ಅಣ್ಣ ಬಂದರೆ ಗಂಟೆಗಟ್ಟಲೆ ಹರಟೆ. ಇಷ್ಟು ವರ್ಷ ಆದಮೇಲೆ ನಾನು ಬೇಡವಾದೆನಾ?

ಉತ್ತರ: ಆ ತೀರ್ಮಾನಕ್ಕೆ ಬರುವ ಮೊದಲು ಅವರ ಕಿವಿ ಪರೀಕ್ಷೆ ಮಾಡಿಸಿ. ವಯಸ್ಸಾದ ಹಾಗೆ ಕಿವಿ ಮಂದ ಆಗುವುದು ಸಾಮಾನ್ಯವಾಗಿ ಎರಡೂ ಕಡೆ ಒಟ್ಟಿಗೆ, ಅದೂ ಮೊದಲು ಕೀರಲು ಸ್ವರಗಳಿಂದ. ಅಣ್ಣನ ದಪ್ಪ ದನಿ ಕೇಳುತ್ತೆ, ಹೆಂಡತಿಯ, ಮೊಮ್ಮಕ್ಕಳ ಸಣ್ಣ ದನಿ ಜಾರಿಹೋಗುತ್ತೆ. 'ಸ', 'ಶ'ದಂಥ ಅಕ್ಷರಗಳು ಮಾಯ. ಅವರಿಗೆ ನೀವು ಮಾತಾಡಿದ್ದು ಗೊತ್ತಾಗುತ್ತೆ, ಏನು ಅಂದದ್ದು ಅಂತ ಗೊತ್ತಾಗಲ್ಲ, ಮತ್ತೆ ಕೇಳೋಕೆ ಸಂಕೋಚ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ದಾಟಿದವರಲ್ಲಿ ಶೇ 25ಕ್ಕಿಂತ ಜಾಸ್ತಿ ಜನರಿಗೆ ದಿನನಿತ್ಯಕ್ಕೆ ತೊಂದರೆ ಆಗುವಷ್ಟು ಕಿವಿ ಮಂದ ಇರುತ್ತೆ.

ಕಿರುಚಬೇಡಿ, ಕಿರುಚಿದರೆ ದನಿ ಇನ್ನೂ ಕೀರಲಾಗುತ್ತೆ. ಟಿವಿ ಆರಿಸಿ, ಎದುರಿಗೆ ಬಂದು, ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ನಿಂತು, ದನಿ ಕೀರಲಾಗದ ಹಾಗೆ ಸ್ವಲ್ಪ ದಪ್ಪ ಮಾಡಿ ನಿಧಾನವಾಗಿ ಹೇಳಿ. ಪಕ್ಕದ ಕೋಣೆಯಿಂದ ಮಾತು ಬೇಡ. "ನಿಮಗೆ ಕಿವಿ ಕೇಳಲ್ಲ" ಅಂದರೆ ಅವರು ಪರೀಕ್ಷೆಗೆ ಖಂಡಿತ ಬರಲ್ಲ. "ಇಬ್ಬರೂ ಮಾಡಿಸೋಣ" ಅನ್ನಿ. ನಾನು ನಮ್ಮವರನ್ನು ಹಾಗೇ ಪುಸಲಾಯಿಸಿ ಕರೆದುಕೊಂಡು ಹೋಗಿದ್ದೆ. ಅವರ ಕಿವಿ ಸರಿಯಾಗಿತ್ತು. ಮೆಷಿನ್ ಬಂದದ್ದು ನನಗೆ.